ಹದಿನಾರು ಓಟು, ನೂರೆಂಟು ಕಾರಣ

2023ರ ಮೇ 13, ಶನಿವಾರ. ಸಂಜೆ ಹೊತ್ತಿಗೆ ಹೆಚ್ಚುಕಡಿಮೆ ಇಡೀ ರಾಜ್ಯದ ಫಲಿತಾಂಶ ಬಂದಾಗಿತ್ತು. ಕಾಂಗ್ರೆಸ್ಸಿಗೆ ನಿಚ್ಚಳ ಬಹುಮತ. ಟಿವಿಯವರು ‘ಮುಖ್ಯಮಂತ್ರಿ ಯಾರು’ ಎಂಬ ಮುಂದಿನ ಧಾರಾವಾಹಿ ಶುರು ಮಾಡಿಬಿಟ್ಟಿದ್ದರು. ಒಂದು ಕ್ಷೇತ್ರದ ಕಥೆ ಮಾತ್ರ ಮುಗಿಯಲೊಲ್ಲದು. ಅದು ನಮ್ಮ ಜಯನಗರ.

ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಎಣಿಕೆ ಕೇಂದ್ರದಲ್ಲಿ ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಕೂದಲೆಳೆ ಅಂತರದಲ್ಲಿ ಮುಂದಿದ್ದಾರೆ ಅಂತ ಸುದ್ದಿ ಬಂತು. ಬಿಜೆಪಿಯವರು ಮರುಎಣಿಕೆ ಕೇಳಿದರು. ಅಂಚೆ ಮತಗಳ ಮೇಲೆ ಜಗಳ ಹತ್ತಿಕೊಂಡಿತು. ಒಮ್ಮೆ ತಿರಸ್ಕೃತವಾದ ಅಂಚೆ ಮತಗಳನ್ನು ಮತ್ತೆ ಲೆಕ್ಕಕ್ಕೆ ತಗೊಳ್ತಿದ್ದಾರೆ ಅನ್ನೋದು ಕಾಂಗ್ರೆಸ್ಸಿನ ಆರೋಪ. ಡಿ.ಕೆ. ಶಿವಕುಮಾರ್ ಅವರೇ ಕೇಂದ್ರಕ್ಕೆ ಬಂದರು, ಹೊರಗೆ ಎರಡೂ ಕಡೆಯವರ ಘೋಷಣೆ, ನಡುವೆ ಪೊಲೀಸರು. ರಾತ್ರಿ ಬಹಳ ಹೊತ್ತಾದ ಮೇಲೆ ಘೋಷಣೆಯಾದ ಅಂಕಿ ಹೀಗಿತ್ತು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ 16.

ಈ ಹದಿನಾರನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಇಬ್ಬರಿಗೂ ಬಿದ್ದ ಮತ ಸೇರಿಸಿದರೆ 1,15,578. ಅಂದರೆ ಸುಮಾರು ಏಳು ಸಾವಿರದ ಇನ್ನೂರಕ್ಕೆ ಒಂದು ಮತದ ವ್ಯತ್ಯಾಸ. ಗೆದ್ದವರಿಗೆ ಓಟು ಹಾಕಿದವರಲ್ಲಿ ಒಂಬತ್ತು ಜನ ಆ ದಿನ ಮನಸ್ಸು ಬದಲಾಯಿಸಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಒಂಬತ್ತು ಜನ ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಆರಾಮಾಗಿ ಕೂರ್ತಾರೆ. ಯಾರೋ ಒಬ್ಬರ ಮನೆಯ ಗೃಹಪ್ರವೇಶ ಮತದಾನದ ದಿನವೇ ಊರಲ್ಲಿ ಇಟ್ಟುಕೊಂಡಿದ್ದರೂ ಸಾಕಿತ್ತು.

ಆದರೆ ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ, ದರ್ಶಿನಿಯ ಕಾಫಿ ಕೌಂಟರಿನಲ್ಲಿ, ವಾಟ್ಸಾಪಿನಲ್ಲಿ ಯಾರೊಬ್ಬರೂ “ಇದು ಹೇಗಾದ್ರೂ ಆಗಬಹುದಿತ್ತು” ಅಂದಿದ್ದು ನಾನು ಕೇಳಲಿಲ್ಲ. ಎಲ್ಲರ ಹತ್ತಿರವೂ ಕಾರಣ ಇತ್ತು. ಬಜರಂಗದಳದ ಮಾತು ಪ್ರಣಾಳಿಕೆಯಲ್ಲಿ ಹಾಕಿದ್ದೇ ಮುಳುವಾಯ್ತು ಅಂತ ಒಬ್ಬರು. ಮೇ 6ರಂದು ಜೆ.ಪಿ. ನಗರದಿಂದಲೇ ಹೊರಟ ಪ್ರಧಾನಿಯವರ ರೋಡ್ ಶೋ ಕೆಲಸ ಮಾಡ್ತು ಅಂತ ಇನ್ನೊಬ್ಬರು. ಜಯನಗರದ ಮಧ್ಯಮವರ್ಗಕ್ಕೆ ಗ್ಯಾರಂಟಿ ಯೋಜನೆ ಬೇಕಿರಲಿಲ್ಲ ಅಂತ ಮಗದೊಬ್ಬರು. ಆ ಕಡೆಯವರದು ಇನ್ನೂ ಸರಳ: “ಅವರು ಸೋಲಲಿಲ್ಲ ಸ್ವಾಮಿ, ಸೋಲಿಸಿದ್ರು.”

ಅದೇ ಹದಿನಾರು ಮತ ಉಲ್ಟಾ ಬಂದಿದ್ದರೆ? ಆಗಲೂ ಕಾರಣಗಳಿಗೆ ಬರ ಇರುತ್ತಿರಲಿಲ್ಲ. “ಗ್ಯಾರಂಟಿ ಜಯನಗರದಲ್ಲೂ ನಡೀತು ನೋಡಿ”, “ರೋಡ್ ಶೋಗೆ ಟ್ರಾಫಿಕ್ ನಿಲ್ಲಿಸಿ ಜನರನ್ನ ಗೋಳು ಹೊಯ್ಕೊಂಡಿದ್ದಕ್ಕೆ ಸರಿಯಾಗಿ ಆಯ್ತು”. ಮಾತಾಡುವವರೂ ಅವರೇ, ಅವರ ಖಚಿತ ದನಿಯೂ ಅದೇ.

1975ರಲ್ಲಿ ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಪರೀಕ್ಷೆಗೆ ಒಡ್ಡಿದ್ದ. ಅವನು ಆರಿಸಿಕೊಂಡ ವಿಷಯ ನಮ್ಮ ನೆರೆಯದ್ದೇ: 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧ. ಯುದ್ಧದ ಹಿನ್ನೆಲೆ ವಿವರಿಸುವ ಒಂದು ಪುಟವನ್ನು ಎಲ್ಲರಿಗೂ ಕೊಟ್ಟ. ಆಮೇಲೆ ಒಂದು ಗುಂಪಿಗೆ ‘ಬ್ರಿಟಿಷರು ಗೆದ್ದರು’ ಅಂತ, ಇನ್ನೊಂದಕ್ಕೆ ‘ಗೂರ್ಖರು ಗೆದ್ದರು’ ಅಂತ, ಮತ್ತೆರಡಕ್ಕೆ ‘ಯಾರೂ ಗೆಲ್ಲಲಿಲ್ಲ, ರಾಜಿಯಾಯಿತು’, ‘ಯಾರೂ ಗೆಲ್ಲಲಿಲ್ಲ, ರಾಜಿಯೂ ಆಗಲಿಲ್ಲ’ ಅಂತ ಹೇಳಿದ. ಫಲಿತಾಂಶ ಗೊತ್ತಿಲ್ಲದಿದ್ದರೆ ನೀವು ಏನಂತ ಊಹಿಸುತ್ತಿದ್ದಿರಿ ಎಂದು ಕೇಳಿದರೆ, ಪ್ರತಿ ಗುಂಪೂ ತನಗೆ ಹೇಳಿದ ಫಲಿತಾಂಶದ ಕಡೆಗೇ ವಾಲಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಅಂದರೆ, ಆ ಪುಟದ ಯಾವ ವಾಕ್ಯ ಮುಖ್ಯ ಎನ್ನುವುದೂ ಗುಂಪಿನಿಂದ ಗುಂಪಿಗೆ ಬದಲಾಯಿತು. ಪುಟ ಮಾತ್ರ ಎಲ್ಲರದೂ ಒಂದೇ. ಬಗ್ ಎಲ್ಲಿದೆ ಅಂತ ಗೊತ್ತಾದ ಮೇಲೆ ಕೋಡ್ ನೋಡಿ “ಇಲ್ಲೇ ಇದೆಯಲ್ಲೋ, ಕಣ್ಣಿಗೆ ಕಾಣ್ತಿರಲಿಲ್ವಾ” ಅಂತ ಬೈಯೋ ಮ್ಯಾನೇಜರನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ :)

ಇರಲಿ. ನಮ್ಮ ಬೆಂಗಳೂರು ದಕ್ಷಿಣದ ಚರಿತ್ರೆಗೆ ಬರ್ತೀನಿ. ಇದು ಫಿಶಾಫನ ಪುಟಕ್ಕಿಂತ ಒಳ್ಳೆಯ ಉದಾಹರಣೆ ಅಂತ ನನ್ನ ಅನಿಸಿಕೆ.

ಇಲ್ಲಿ ಬೆಳೆದವರೆಲ್ಲ ಒಂದಲ್ಲ ಒಂದು ದಿನ ಕೇಳಿರುವ ಮಾತು: “ದಕ್ಷಿಣದ ಮತದಾರ ಪ್ರಜ್ಞಾವಂತ, ಯೋಚಿಸಿ ಓಟು ಹಾಕ್ತಾನೆ.” ಇದಕ್ಕೆ ಆಧಾರ ಇಲ್ಲದೆ ಇಲ್ಲ. ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ಅದಕ್ಕೇ ಕೊಟ್ಟಿತು. ಕೈಗೆ ಸಿಗದ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಇಲ್ಲಿ ಗೆದ್ದವರು ಜನತಾ ಪಕ್ಷದ ಕೆ.ಎಸ್. ಹೆಗ್ಡೆ. 1973ರಲ್ಲಿ ಸೇವಾ ಹಿರಿತನ ಕಡೆಗಣಿಸಿ ಎ.ಎನ್. ರಾಯ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಬಿಸಾಕಿ ಬಂದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಮುಂದೆ ಲೋಕಸಭೆಯ ಸ್ಪೀಕರೂ ಆದರು. 1980ರಲ್ಲಿ ಇಂದಿರಾ ಕಾಂಗ್ರೆಸ್ 28ರಲ್ಲಿ 27 ಗೆದ್ದಾಗ ಉಳಿದ ಒಂದೇ ಒಂದು ಸೀಟು ಮತ್ತೆ ಇದೇ, ಟಿ.ಆರ್. ಶಾಮಣ್ಣ ಗೆದ್ದರು. 1984ರಲ್ಲಿ ಇಂದಿರಾ ಹತ್ಯೆಯ ನಂತರದ ಅಲೆಯಲ್ಲಿ ಕಾಂಗ್ರೆಸ್ 24 ಗೆದ್ದಿತು, ಆಗಲೂ ಇಲ್ಲಿ ಜನತಾ ಪಕ್ಷದ ವಿ.ಎಸ್. ಕೃಷ್ಣ ಅಯ್ಯರ್. ಮೂರು ಸಲ ಸತತವಾಗಿ ಹೊಳೆಗೆ ಎದುರಾಗಿ ಈಜಿದ ಕ್ಷೇತ್ರ!

ನಮ್ಮ ತಾತನ ಕಾಲದವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಯಾಕಂದರೆ ಮುಂದಿನದು 1989. ಆ ವರ್ಷ ಕಾಂಗ್ರೆಸ್ ರಾಜ್ಯದಲ್ಲಿ 27 ಗೆದ್ದಿತು, ಅದರಲ್ಲಿ ಬೆಂಗಳೂರು ದಕ್ಷಿಣವೂ ಒಂದು. ಗೆದ್ದವರು ಆರ್. ಗುಂಡೂರಾವ್, ಇಂದಿರಾ ಗಾಂಧಿಯವರ ಪರಮ ನಿಷ್ಠರು, 1980ರಿಂದ 83ರವರೆಗೆ ಮುಖ್ಯಮಂತ್ರಿ. ಗೋಕಾಕ್ ಚಳವಳಿಯ ಬಿಸಿ ತಟ್ಟಿದ್ದು ಅವರ ಸರ್ಕಾರಕ್ಕೇ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿದ್ದಕ್ಕೆ ಬೆನ್ನು ತಟ್ಟಿಕೊಳ್ಳುವ ಕ್ಷೇತ್ರ ಹನ್ನೆರಡೇ ವರ್ಷದಲ್ಲಿ ಅವರನ್ನು ದಿಲ್ಲಿಗೆ ಕಳಿಸಿತು. ಎರಡೇ ವರ್ಷಕ್ಕೆ, 1991ರಲ್ಲಿ, ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಬಿಜೆಪಿಯಿಂದ ಗೆದ್ದರು. 1996ರಿಂದ ಅನಂತಕುಮಾರ್, ಅವರ ನಿಧನದ ನಂತರ 2019 ಮತ್ತು 2024ರಲ್ಲಿ ತೇಜಸ್ವಿ ಸೂರ್ಯ.

ಈಗ ಇದೇ ಪಟ್ಟಿಯನ್ನು ಎರಡು ಕಡೆಯವರಿಗೆ ಕೊಡಿ. ಒಬ್ಬರು “ನೋಡಿ, 1977ರಿಂದಲೂ ಪ್ರಜ್ಞಾವಂತ ಕ್ಷೇತ್ರ” ಅಂತಾರೆ, 1989 ಅವರ ಬಾಯಲ್ಲಿ ಬರೋದಿಲ್ಲ. ಇನ್ನೊಬ್ಬರು “ಇದು ಮೊದಲಿಂದಲೂ ಜಾತಿ ನೋಡಿ ಓಟು ಹಾಕೋ ಕ್ಷೇತ್ರ” ಅಂತಾರೆ, ಅವರ ಬಾಯಲ್ಲಿ 1977ರ ತುರ್ತು ಪರಿಸ್ಥಿತಿ ಬರೋದಿಲ್ಲ. ಅಷ್ಟಕ್ಕೂ 1977ರ ಬೆಂಗಳೂರು ದಕ್ಷಿಣಕ್ಕೂ 2008ರ ಮರುವಿಂಗಡಣೆಯ ನಂತರದ ಬೆಂಗಳೂರು ದಕ್ಷಿಣಕ್ಕೂ ಗಡಿಯೇ ಬೇರೆ. ಹೆಸರೊಂದೇ ಉಳಿದಿದೆ. ಅದನ್ನು ಇಬ್ಬರೂ ಹೇಳೋದಿಲ್ಲ, ಹೇಳಿದರೆ ಕಥೆ ಕೆಡುತ್ತಲ್ಲ!

ಇನ್ನು 1984-85. ಡಿಸೆಂಬರ್‌ನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿಗೆ 24 ಕೊಟ್ಟರು ಅಂದೆನಲ್ಲ, ಜನಾದೇಶ ಕಳೆದುಕೊಂಡೆ ಅಂತ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಮತದಾರರು ವಿಧಾನಸಭೆಯ 224ರಲ್ಲಿ 139 ಸ್ಥಾನ ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು. ಆಮೇಲಿಂದ ಇದು ಕರ್ನಾಟಕದ ಮತದಾರನ ಜಾಣತನಕ್ಕೆ ಸಾಕ್ಷಿಯಾಗಿ ಪಠ್ಯದಂತೆ ಉರುಹೊಡೆಯುವ ಸಂಗತಿ: ದಿಲ್ಲಿಗೊಂದು, ಬೆಂಗಳೂರಿಗೊಂದು. ಇರಬಹುದು, ನನಗೂ ಹಾಗೇ ಅನ್ನಿಸುತ್ತೆ. ಆದರೆ ಮಾರ್ಚ್‌ನಲ್ಲೂ ಕಾಂಗ್ರೆಸ್ಸೇ ಗೆದ್ದಿದ್ದರೆ ‘ಅನುಕಂಪದ ಅಲೆ ಇನ್ನೂ ಇಳಿದಿರಲಿಲ್ಲ’ ಎಂಬ ವಾಕ್ಯ ಅಷ್ಟೇ ಸಲೀಸಾಗಿ ಪುಸ್ತಕಗಳಲ್ಲಿ ಕೂರುತ್ತಿತ್ತು. ಹೆಗಡೆಯವರ ರಾಜೀನಾಮೆಯೂ ಚಾಣಾಕ್ಷ ನಡೆ ಅನ್ನಿಸಿಕೊಳ್ಳದೆ ಹುಂಬತನ ಅನ್ನಿಸಿಕೊಳ್ಳುತ್ತಿತ್ತು.

ಇಲ್ಲಿವರೆಗೆ ಹೇಳಿದ್ದು ಕಾರಣಗಳ ಮಾತು. ತತ್ವಗಳ ಮಾತಿಗೆ ಬಂದರೆ ಪರಿಸ್ಥಿತಿ ಇನ್ನೂ ಗಂಭೀರ. “ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ” ಅಂತ ನಮ್ಮ ಅಜ್ಜಿ ಹೇಳ್ತಿದ್ದರು, ಅವರಿಗೆ ಗೊತ್ತಿದ್ದಷ್ಟು ರಾಜಕೀಯ ಮನಶ್ಶಾಸ್ತ್ರ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ಇಲ್ಲ ಅಂತ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದಿಲ್ಲಿಗೆ ವರದಿ ಕೊಟ್ಟರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿ ಹೇಳಿದರೂ ಕೇಳದೆ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಇಡೀ ದೇಶದ ಸಂವಿಧಾನ ಚರ್ಚೆಗೆ ಕರ್ನಾಟಕ ಕೊಟ್ಟ ದೊಡ್ಡ ಕಾಣಿಕೆ ಇದು.

ಈಗ 2018ರ ಮೇ. ಬಿಜೆಪಿ 104 ಗೆದ್ದಿದೆ, ಕಾಂಗ್ರೆಸ್ ಮತ್ತು ಜೆಡಿಎಸ್ ಚುನಾವಣೆಯ ನಂತರ ಕೈಜೋಡಿಸಿವೆ. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಬಹುಮತ ಸಾಬೀತಿಗೆ ಹದಿನೈದು ದಿನ ಕೊಟ್ಟರು. ಕಾಂಗ್ರೆಸ್ಸಿನವರು ಮಧ್ಯರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. “ಹದಿನೈದು ದಿನ ಯಾಕೆ? ಕುದುರೆ ವ್ಯಾಪಾರಕ್ಕಾ? ಕೂಡಲೇ ವಿಶ್ವಾಸಮತ ಆಗಲಿ.” ಬಿಜೆಪಿಯವರ ಉತ್ತರ, “ಅದು ರಾಜ್ಯಪಾಲರ ವಿವೇಚನೆ.” ಕೋರ್ಟ್ ಮೇ 19ಕ್ಕೇ ಪರೀಕ್ಷೆ ಇಟ್ಟಿತು, ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಹದಿನಾಲ್ಕು ತಿಂಗಳು ಕಳೆಯಿತು. 2019ರ ಜುಲೈ. ಶಾಸಕರ ರಾಜೀನಾಮೆಗಳಿಂದ ಕುಮಾರಸ್ವಾಮಿ ಸರ್ಕಾರ ಅಲ್ಲಾಡ್ತಿದೆ. ಈಗ “ಕೂಡಲೇ ವಿಶ್ವಾಸಮತ ಆಗಲಿ” ಅಂದವರು ಬಿಜೆಪಿಯವರು. ಇಂತಿಷ್ಟು ಹೊತ್ತಿಗೆ ಮುಗಿಸಿ ಅಂತ ರಾಜ್ಯಪಾಲರೇ ಗಡುವು ಬರೆದು ಕಳಿಸಿದರು, ರಾಜ್ಯಪಾಲರೂ ಅದೇ ವಾಲಾ. “ಸದನದ ಕಲಾಪಕ್ಕೆ ರಾಜ್ಯಪಾಲರು ಗಡುವು ಕೊಡೋ ಹಾಗಿಲ್ಲ, ಎಲ್ಲರೂ ಮಾತಾಡಬೇಕು” ಅಂದವರು ಕಾಂಗ್ರೆಸ್-ಜೆಡಿಎಸ್‌ನವರು. ಜುಲೈ 18ಕ್ಕೆ ಮಂಡಿಸಿದ ನಿರ್ಣಯ ಮತಕ್ಕೆ ಬಂದಿದ್ದು 23ಕ್ಕೆ, 99-105ರಲ್ಲಿ ಬಿತ್ತು. ಬೊಮ್ಮಾಯಿ ತೀರ್ಪನ್ನು ಎರಡೂ ಸಲ ಎರಡೂ ಕಡೆಯವರು ಉಲ್ಲೇಖಿಸಿದರು.

ರಾಜಕಾರಣಿಗಳ ಕಸುಬೇ ಅದು ಬಿಡಿ, ಅವರ ಬಗ್ಗೆ ನನಗೆ ಬೇಜಾರಿಲ್ಲ. ನನಗೆ ಬೆರಗು ಹುಟ್ಟಿಸಿದ್ದು ನಾವು. ನನ್ನ ಚಿಕ್ಕಪ್ಪ ಮತ್ತು ಸೋದರಮಾವ ಇಬ್ಬರೂ ಬನಶಂಕರಿಯವರು, ಎರಡೂ ಸಲ ಊಟದ ಎಲೆ ಮುಂದೆಯೇ ವಾದ ಮಾಡಿದವರು. ಹದಿನಾಲ್ಕು ತಿಂಗಳಲ್ಲಿ ಇಬ್ಬರೂ ಒಬ್ಬರ ವಾದ ಇನ್ನೊಬ್ಬರಿಗೆ ಪೂರಾ ಹಸ್ತಾಂತರ ಮಾಡಿಕೊಂಡಿದ್ದರು, ಬೈಗುಳಗಳ ಸಮೇತ. ಇಬ್ಬರಿಗೂ ಸಂಬಳ ಇಲ್ಲ, ಟಿಕೆಟ್ ಆಸೆ ಇಲ್ಲ. ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅಲ್ಲ, ಇಬ್ಬರೂ ಪ್ರಾಮಾಣಿಕವಾಗಿ ನಂಬಿಯೇ ಮಾತಾಡುತ್ತಿದ್ದರು. ಇವತ್ತಿಗೂ ಹಬ್ಬಕ್ಕೆ ಒಬ್ಬರು ಬಂದು ಹೋದ ಮೇಲೇ ಇನ್ನೊಬ್ಬರು ಬರೋದು. ಅತ್ತೆ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಒಬ್ಬಟ್ಟು ಬೇಯಿಸ್ತಾರೆ.

ಜಯನಗರದ ಹದಿನಾರು ಮತಕ್ಕೂ ಹೀಗೊಂದು ಕನ್ನಡಿ ಇದೆ. ಅದೇ 2023ರ ಚುನಾವಣೆಯಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡ 248 ಮತಗಳಿಂದ ಗೆದ್ದರು. ಸೋತ ಬಿಜೆಪಿಯ ಕೆ.ಎಸ್. ಮಂಜುನಾಥಗೌಡ ಎಣಿಕೆ ಸರಿಯಿಲ್ಲ ಅಂತ ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿತು, ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟಿತು. ಜಯನಗರದಲ್ಲಿ ಮರುಎಣಿಕೆ ಅಂದರೆ ಷಡ್ಯಂತ್ರ ಅಂದವರಿಗೆ ಮಾಲೂರು ಎಲ್ಲಿದೆ ಅಂತಲೇ ಗೊತ್ತಿಲ್ಲ. ಜಯನಗರದಲ್ಲಿ ಅಧಿಕಾರಿ ಹೇಳಿದ್ದೇ ಅಂತಿಮ ಅಂದವರು ಮಾಲೂರಿನ ವಿಷಯಕ್ಕೆ ಬಂದರೆ ಅಧಿಕಾರಿಯನ್ನು ನಂಬೋದಿಲ್ಲ. ಎರಡೂ ಎಣಿಕೆ ನಡೆದಿದ್ದು ಒಂದೇ ದಿನ, ಒಂದೇ ಕಾನೂನಿನ ಅಡಿಯಲ್ಲಿ.

ಇಂಥದ್ದನ್ನು ಮೊದಲು ಅಧ್ಯಯನ ಮಾಡಿದ್ದು ಒಂದು ಆಟದ ಮೇಲೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿಶ್ವವಿದ್ಯಾಲಯಗಳ ನಡುವೆ ಒರಟು ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಇಬ್ಬರು ಪಂದ್ಯದ ಒಂದೇ ಫಿಲಂ ಅನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪಾಟ ಎಣಿಸಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳನ್ನು ಪ್ರಿನ್ಸ್‌ಟನ್ನಿನವರು ಎಣಿಸಿದ್ದು ಡಾರ್ಟ್‌ಮತ್‌ನವರು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಒಂದೇ ಫಿಲಂ, ಎರಡು ಪಂದ್ಯ. ಆರ್‌ಸಿಬಿ-ಸಿಎಸ್‌ಕೆ ಪಂದ್ಯದಲ್ಲಿ ಎಲ್‌ಬಿಡಬ್ಲ್ಯೂ ನೋಡುವಾಗ ನಮ್ಮ ಪಿಜಿಯಲ್ಲೂ ಇದೇ ಪ್ರಯೋಗ ಉಚಿತವಾಗಿ ನಡೆಯುತ್ತಿತ್ತು.

“ಓದಿದವರು ಹೀಗೆಲ್ಲ ಯೋಚಿಸಲ್ಲ” ಅಂತ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ, ಅದರಲ್ಲೂ ಎಂಜಿನಿಯರಿಂಗ್ ಓದಿದ ನಮ್ಮಂಥವರಲ್ಲಿ. 2014ರಲ್ಲಿ ನಂದನ್ ನಿಲೇಕಣಿ ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಅಭ್ಯರ್ಥಿಯಾದಾಗ ಬಿಟಿಎಂ ಲೇಔಟ್, ಜೆ.ಪಿ. ನಗರದ ಸಾಫ್ಟ್‌ವೇರ್ ಮತದಾರರು ಪಕ್ಷ ಬಿಟ್ಟು ವ್ಯಕ್ತಿಯನ್ನು ನೋಡ್ತಾರೆ ಅನ್ನೋ ಲೆಕ್ಕಾಚಾರ ಆ ನಂಬಿಕೆಯ ಮೇಲೇ ನಿಂತಿತ್ತು. ಅವರು ಸುಮಾರು 2.28 ಲಕ್ಷ ಮತಗಳಿಂದ ಸೋತರು. ಸೋತದ್ದು ತಪ್ಪು ಅಂತಲೋ ಸರಿ ಅಂತಲೋ ಹೇಳ್ತಿಲ್ಲ. ನಮ್ಮ ವಿದ್ಯೆ ನಮ್ಮನ್ನು ಬೇರೆ ಜಾತಿಯ ಮತದಾರರನ್ನಾಗಿ ಮಾಡಿಲ್ಲ ಅಷ್ಟೇ.

ಇದಕ್ಕೂ ಒಂದು ಅಧ್ಯಯನ ಇದೆ, ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಡ್ಯಾನ್ ಕಹಾನ್ ಮತ್ತು ಸಂಗಡಿಗರು 2013ರಲ್ಲಿ ಹೊರತಂದದ್ದು. ಸಾವಿರದ ನೂರ ಹನ್ನೊಂದು ಅಮೆರಿಕನ್ನರಿಗೆ ನಾಲ್ಕು ಅಂಕಿಗಳ ಒಂದು ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಕ್ರೀಮಿನ ಪರೀಕ್ಷೆ: ಹಚ್ಚಿದವರಲ್ಲಿ ಎಷ್ಟು ಜನಕ್ಕೆ ವಾಸಿಯಾಯ್ತು, ಹಚ್ಚದವರಲ್ಲಿ ಎಷ್ಟು. ಉತ್ತರ ತಿಳಿಯಲು ಪ್ರಮಾಣ ಲೆಕ್ಕ ಹಾಕಬೇಕು, ಬರೀ ದೊಡ್ಡ ಸಂಖ್ಯೆ ನೋಡಿದರೆ ಮೋಸ ಹೋಗ್ತೀರಿ. ಗಣಿತ ಚೆನ್ನಾಗಿ ಬಲ್ಲವರು ಹೆಚ್ಚು ಸರಿಯಾಗಿ ಬಿಡಿಸಿದರು. ಇನ್ನು ಕೆಲವರಿಗೆ ಅದೇ ಅಂಕಿಗಳನ್ನೇ ಬಂದೂಕು ನಿಷೇಧ ಮತ್ತು ಅಪರಾಧದ ಲೆಕ್ಕ ಅಂತ ಕೊಟ್ಟರು. ಈಗ ಅದೇ ಗಣಿತಜ್ಞರು ತಮ್ಮ ಪಕ್ಷಕ್ಕೆ ಒಪ್ಪುವ ಉತ್ತರ ಬರುವಾಗ ಸರಿಯಾಗಿ ಬಿಡಿಸಿದರು, ಒಪ್ಪದ ಉತ್ತರ ಬರುವಾಗ ಎಡವಿದರು. ಎರಡು ಪಕ್ಷಗಳ ನಡುವಿನ ಅಂತರ ಲೆಕ್ಕ ಬಾರದವರಲ್ಲಿ ಕಡಿಮೆ ಇತ್ತು, ಲೆಕ್ಕ ಬಲ್ಲವರಲ್ಲಿ ಹೆಚ್ಚಿತ್ತು! ಜಾಣತನ ಅವರಿಗೆ ವಕೀಲನಾಗಿ ಸಿಕ್ಕಿತ್ತು, ನ್ಯಾಯಾಧೀಶನಾಗಿ ಅಲ್ಲ. ನಮ್ಮ ಆಫೀಸಿನಲ್ಲಿ ಮತಯಂತ್ರದ ಬಗ್ಗೆ ನಡೆಯುವ ಚರ್ಚೆ ಕೇಳಿದವರಿಗೆ ಇದು ಅರ್ಥವಾಗುತ್ತೆ. ಮೈಕ್ರೊಕಂಟ್ರೋಲರ್ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರೇ ತಮ್ಮ ಪಕ್ಷ ಸೋತ ವಾರ ಅತ್ಯಂತ ಸೊಗಸಾದ ಅನುಮಾನ ಕಟ್ಟಿಕೊಡ್ತಾರೆ.

ಮತಯಂತ್ರ ಅಂದಾಗ ಪರವೂರಿನ ಕಥೆ ಹೇಳದಿದ್ದರೆ ಆಗೋಲ್ಲ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ ಐವತ್ತು ಮತಗಟ್ಟೆಗಳಲ್ಲಿ ದೇಶದಲ್ಲೇ ಮೊದಲ ಸಲ ಈ ಯಂತ್ರ ಬಳಸಿದರು. ಯಂತ್ರ ಬೇಡ ಅಂತ ಮೊದಲೇ ಕೋರ್ಟಿಗೆ ಹೋದವರು ಸಿಪಿಐನ ಶಿವನ್ ಪಿಳ್ಳೆ. ಚುನಾವಣೆಯಲ್ಲಿ 123 ಮತಗಳಿಂದ ಗೆದ್ದವರೂ ಅವರೇ. ಈಗ ಯಂತ್ರ ಕಾನೂನುಬಾಹಿರ ಅಂತ ಕೋರ್ಟಿಗೆ ಹೋದವರು ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಆ ಗಟ್ಟೆಗಳಲ್ಲಿ ಕಾಗದದ ಮತಪತ್ರದಲ್ಲಿ ಮರುಮತದಾನ ಮಾಡಿಸಿತು, ಜೋಸ್ ಗೆದ್ದರು.

2024ರಲ್ಲಿ ನಾನೊಂದು ಸಣ್ಣ ಕಿತಾಪತಿ ಮಾಡಿದೆ. ಏಪ್ರಿಲ್ 26ಕ್ಕೆ ಬೆಂಗಳೂರು ದಕ್ಷಿಣದ ಮತದಾನ ಮುಗಿದ ಮೇಲೆ, ಜೂನ್ 4ರ ಎಣಿಕೆಗೆ ಮುಂಚೆ, ಗೆಳೆಯರಿಗೆ ಒಂದೊಂದು ಚೀಟಿ ಕೊಟ್ಟು ಯಾರು ಎಷ್ಟು ಅಂತರದಲ್ಲಿ ಗೆಲ್ತಾರೆ, ಯಾಕೆ ಅಂತ ಬರೆಸಿ ಸಹಿ ಹಾಕಿಸಿಕೊಂಡು ಡಬ್ಬಿಗೆ ಹಾಕಿಟ್ಟೆ. ತೇಜಸ್ವಿ ಸೂರ್ಯ 2,77,083 ಮತಗಳಿಂದ ಗೆದ್ದರು. ಸೋತವರು ಮತ್ತೆ ಸೌಮ್ಯಾ ರೆಡ್ಡಿಯವರೇ. ಒಂದು ವಾರ ಬಿಟ್ಟು ಎಲ್ಲರನ್ನೂ ಕೇಳಿದೆ, ನೀನು ಏನು ಬರೆದಿದ್ದೆ? ಒಬ್ಬ ಎದೆ ತಟ್ಟಿ ಹೇಳಿದ, “ಎರಡೂವರೆ ಲಕ್ಷ ದಾಟುತ್ತೆ ಅಂತ ಬರೆದಿದ್ದೆ ಗುರೂ, ನೆನಪಿದೆ.” ಡಬ್ಬಿ ತೆಗೆದು ಚೀಟಿ ತೋರಿಸಿದೆ. ‘ಒಂದು ಲಕ್ಷ’ ಅಂತಿತ್ತು, ಕೆಳಗೆ ಅವನದೇ ಸಹಿ.

ಚೀಟಿಯನ್ನ ತಿರುಗಿಸಿ ಮುರುಗಿಸಿ ನೋಡಿದ. “ಹೌದಪ್ಪಾ, ಆದರೆ ಅದು ಕನಿಷ್ಠ ಅಂತ ಬರೆದಿದ್ದು” ಅಂದ.